ಗಟ್ಟಿಮೇಳಕ್ಕೆ ಎತ್ತಿದ ಕೈ

ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದೆ ಮದುವೆ ವಿಡಿಯೋ ಎಡಿಟ್ ಮಾಡುವವರೊಬ್ಬರಿದ್ದರು. ಕ್ಯಾಮೆರಾದ ಅಗಲ ಚಿತ್ರ, ನೆಂಟರು ಮೊಬೈಲಿನಲ್ಲಿ ಉದ್ದಕ್ಕೆ ಹಿಡಿದ ಚಿತ್ರ, ಎಲ್ಲವನ್ನೂ ಗಟ್ಟಿಮೇಳದ ಡೋಲಿನ ಮೊದಲ ಏಟಿಗೆ ಹೊಂದಿಸಿಕೊಂಡು ಆಮೇಲೆ ಕತ್ತರಿಸುತ್ತಿದ್ದರು. ಮೊಬೈಲ್ ಚಿತ್ರದ ಎರಡೂ ಪಕ್ಕ ಉಳಿಯುವ ಕಪ್ಪು ಪಟ್ಟಿಗೆ ಬೇರೆಯವರು ಹೂವು ತುಂಬುತ್ತಾರೆ. ಇವರು ಮಾತ್ರ ಕತ್ತು ಚಾಚಿ, "ಈ ಕಪ್ಪಲ್ಲಿ ಏನಿತ್ತು ಕಣ್ರೀ?" ಎನ್ನುತ್ತಿದ್ದರು.

ನನ್ನ ತಂಗಿಯ ಮದುವೆಯಲ್ಲಿ ಪುರೋಹಿತರು ಕೈ ಎತ್ತುವ ಮೊದಲೇ ಗಟ್ಟಿಮೇಳ ಮೊಳಗಿತ್ತು. ಅಪ್ಪ ಬೈದದ್ದಕ್ಕೆ ಓಲಗದವರು ಉಣ್ಣದೆ ಹೋಗಿದ್ದರು. ವಿಡಿಯೋದಿಂದ ಆ ತುಂಡು ತೆಗೆಸಲು ಅಜ್ಜಿಯನ್ನು ಕರೆದುಕೊಂಡು ಇವರ ಹತ್ತಿರ ಹೋದೆ.

ಎಡಿಟರ್ ತೆಗೆಯಲಿಲ್ಲ. ಮೊಬೈಲ್ ಚಿತ್ರದಲ್ಲಿ ಡೋಲಿನವನು ಕಪ್ಪು ಪಟ್ಟಿಯತ್ತ ನೋಡಿ ಕೋಲೆತ್ತುತ್ತಿದ್ದ. ಅದೇ ಕ್ಷಣದ ಕ್ಯಾಮೆರಾ ಚಿತ್ರವನ್ನು ಅದರ ಪಕ್ಕದಲ್ಲೇ ತಂದಿಟ್ಟರು. ಪುರೋಹಿತರ ಬೆನ್ನ ಹಿಂದಿನಿಂದ ಅಜ್ಜಿಯ ಕೈ ಮೇಲೆದ್ದಿತ್ತು.

"ಯಾಕಜ್ಜಿ ಕೈ ಎತ್ತುದ್ರಿ?" ಎಂದರು ಎಡಿಟರ್.

"ನೊಣ ಓಡುಸ್ದೆ ಕಣಪ್ಪ," ಎಂದಳು ಅಜ್ಜಿ.

ಓಲಗದವರನ್ನು ಮನೆಗೆ ಕರೆದು ಊಟ ಹಾಕಲೇಬೇಕೆಂದು ನಾನು ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಎಡಿಟರಿಗೆ ಅದಾವುದೂ ಕೇಳಿಸಿದಂತಿರಲಿಲ್ಲ. ಚಿತ್ರವನ್ನು ಹಿಂದಕ್ಕೆಳೆದು, ದೊಡ್ಡದು ಮಾಡಿ, ಪರದೆಗೆ ಮೂಗು ತಾಗಿಸಿಕೊಂಡು ಕೇಳಿದರು:

"ನೊಣ ಎಲ್ಲದೆ ಕಣ್ರೀ?"