ಅಪ್ಪನ ಪುಸ್ತಕಕ್ಕೆ ಜಾಗವಿಲ್ಲದ ಊರು

ಅಪ್ಪ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಒಮ್ಮೆ ಕಾರ್ಖಾನೆ ಅವರನ್ನು ಯಂತ್ರ ಕೂರಿಸಲೆಂದು ಪುಟ್ಟ ದ್ವೀಪರಾಷ್ಟ್ರವೊಂದಕ್ಕೆ ಒಂದು ವರ್ಷ ಕಳಿಸಿತ್ತು. ಹಿಂದಿರುಗಿದ ಮೇಲೆ ಅಲ್ಲಿಯ ಮೀನುಗಾರರು, ಮದುವೆಗಳು, ಬಿರುಗಾಳಿಯ ಬಗ್ಗೆ ತೆಳ್ಳಗಿನ ಪುಸ್ತಕ ಬರೆದು ಯಶವಂತಪುರದ ಪ್ರೆಸ್ಸೊಂದರಲ್ಲಿ ಅಚ್ಚು ಹಾಕಿಸಿದರು. ನಮ್ಮ ಕಾಲೋನಿಯ ಗ್ರಂಥಾಲಯಕ್ಕೆ ತಾವೇ ಎರಡು ಪ್ರತಿ ಒಯ್ದು ಕೊಟ್ಟರು. ಮನೆಯಲ್ಲಿ ಉಳಿದಿದ್ದವು ಗೆದ್ದಲ ಪಾಲಾದವು.

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಈ ಬೇಸಿಗೆಯಲ್ಲಿ, ಆ ದ್ವೀಪದ ರಾಷ್ಟ್ರೀಯ ಗ್ರಂಥಾಲಯದಿಂದ ನನಗೊಂದು ಇಮೇಲ್ ಬಂತು. ತಮ್ಮ ನಾಡಿನ ಬಗ್ಗೆ ಯಾವ ಭಾಷೆಯಲ್ಲಿ ಏನೇ ಅಚ್ಚಾಗಿದ್ದರೂ ಅವರು ಕಾಪಾಡಿಡುತ್ತಾರಂತೆ. ಹಳೆಯ ಪತ್ರಿಕೆಯೊಂದರಲ್ಲಿ ಅಪ್ಪನ ಪುಸ್ತಕದ ಸುದ್ದಿ ಸಿಕ್ಕಿ, ಕಾರ್ಖಾನೆಯ ಮೂಲಕ ನನ್ನನ್ನು ಹುಡುಕಿದ್ದರು. ಒಂದು ಪ್ರತಿ ಸಿಗಬಹುದೇ ಎಂದು ಕೇಳಿದ್ದರು.

ಕಾಲೋನಿಯ ಗ್ರಂಥಾಲಯಕ್ಕೆ ಹೋದೆ. ಗುಮಾಸ್ತರು ರಿಜಿಸ್ಟರ್ ತೆಗೆದರು. ಅಪ್ಪನ ಹೆಸರಿನ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ‘ನಿರುಪಯುಕ್ತ’ ಎಂಬ ಷರಾ.

“ಯಾರೂ ತಗೊಂಡು ಹೋಗ್ತಿರ್ಲಿಲ್ಲ ಮೇಡಂ. ರದ್ದಿಗೆ ಹಾಕಿದ್ವಿ.”

“ಎರಡನ್ನೂನಾ? ನಿರುಪಯುಕ್ತ ಅಂತ ಹೇಳಿದ್ಯಾರು? ಓದಿ ನೋಡಿದ್ರಾ?”

“ಕಮಿಟಿ ತೀರ್ಮಾನ. ಜಾಗ ಬೇಕಿತ್ತು.”

ಅಪ್ಪನ ಪುಸ್ತಕವಿದ್ದ ಕಪಾಟಿನ ಜಾಗದಲ್ಲಿ ಮುರಿದ ಪ್ಲಾಸ್ಟಿಕ್ ಕುರ್ಚಿಗಳನ್ನು ಪೇರಿಸಿಟ್ಟಿದ್ದರು. ರಿಜಿಸ್ಟರನ್ನು ರಪ್ಪನೆ ಮುಚ್ಚಿ ಹೊರಟೆ.

ಪ್ರೆಸ್ ಎಂದೋ ಮುಚ್ಚಿತ್ತು. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರು ಅಲ್ಲಾಳಸಂದ್ರದಲ್ಲಿ ಮಗಳ ಜೊತೆ ಇದ್ದಾರೆಂದು ಗೊತ್ತಾಯಿತು. ಮನೆಯಲ್ಲಿ ದಖನಿ ಉರ್ದು ಆಡುವ ಅವರು ಆಯಸ್ಸೆಲ್ಲ ಕನ್ನಡದ ಅಕ್ಷರ ಜೋಡಿಸಿದವರು. ವಿಷಯ ಹೇಳಿದ ಕೂಡಲೇ ತಗಡಿನ ಪೆಟ್ಟಿಗೆಯಿಂದ ಪುಸ್ತಕ ತೆಗೆದರು.

“ನಿಮ್ಮಪ್ಪ ಪಕ್ಕದಲ್ಲೇ ನಿಂತು ಪ್ರೂಫ್ ನೋಡೋರು. ಒಂದೊಂದು ಅಕ್ಷರನೂ ನನ್ ಕೈಯಿಂದ ಕೂರ್ಸಿದ್ದಮ್ಮಾ, ಹೆಂಗೆ ಬಿಸಾಕ್ಲಿ? ಕಳ್ಸಿ. ಅಲ್ಲಾದ್ರೂ ಇರ್ತದೆ.”

‘ಅಲ್ಲಾದ್ರೂ’ ಎಂದದ್ದು ಚುಚ್ಚಿತು. ಪುಸ್ತಕವನ್ನು ಚೀಲಕ್ಕಿಟ್ಟುಕೊಂಡೆ.

ಪುಸ್ತಕ ಕಳಿಸಿದೆ. ದ್ವೀಪದ ಗ್ರಂಥಾಲಯದ ಪಟ್ಟಿಯಲ್ಲಿ ಅಪ್ಪನ ಹೆಸರು ಕನ್ನಡದಲ್ಲೇ ಇದೆ. ಕಳಿಸುವ ಮೊದಲು ಜೆರಾಕ್ಸ್ ಮಾಡಿಸಿ, ಬೈಂಡ್ ಹಾಕಿಸಿ ಕಾಲೋನಿಯ ಗ್ರಂಥಾಲಯಕ್ಕೂ ಒಯ್ದಿದ್ದೆ. ಜೆರಾಕ್ಸ್ ತಗೊಳ್ಳೋ ಹಾಗಿಲ್ಲ ಎಂದು ಗುಮಾಸ್ತರು ಹಿಂದಕ್ಕೆ ತಳ್ಳಿದರು. ಅದನ್ನಾದರೂ ಇಟ್ಟುಕೊಳ್ಳಿ ಎಂದು ಕಮಿಟಿಗೆ ಎರಡು ಪತ್ರ ಬರೆದೆ, ಉತ್ತರವಿಲ್ಲ. ಮೂರನೆಯದನ್ನು ಅಧ್ಯಕ್ಷರ ಮನೆಗೇ ಹೋಗಿ ಕೊಟ್ಟೆ. ಅವರು ನಿಂತಲ್ಲೇ ನಾಲ್ಕು ಸಾಲು ಓದಿ, ಮಡಚಿ ಜೇಬಿಗಿಟ್ಟುಕೊಂಡು, ಕಾಫಿ ಕುಡೀತೀರಾ ಎಂದು ಕೇಳಿದರು. ಬೇಡ ಎಂದು ಹೊರಟು ಬಂದೆ.