ಎಡಗಡೆಯಿಂದ ಬಂದ ಕೈ

ಇಲ್ಲ, ಚಿಕ್ಕಮ್ಮ ಕೂತಿದ್ದು ಎಡಗಡೆ ಎಂದು ಖಚಿತವಾಗಿ ಹೇಳುವುದೇ ತಪ್ಪು. ವಿಡಿಯೋದಲ್ಲಿ ಕೈ ಎಡಗಡೆಯಿಂದ ಬರುತ್ತದೆ, ಆದ್ದರಿಂದ ಎಡಗಡೆ ಎನ್ನುತ್ತಿದ್ದೇನೆ, ಅಷ್ಟೇ. ಕಣ್ಣು ಮುಚ್ಚಿ ಆ ಕೋಣೆಯನ್ನು ನೆನೆದರೆ ಅವಳು ಒಮ್ಮೆ ಕಿಟಕಿಯ ಕೆಳಗಿರುತ್ತಾಳೆ, ಒಮ್ಮೆ ಬಾಗಿಲ ಪಕ್ಕ. ಉಟ್ಟ ಸೀರೆ ಒಮ್ಮೆ ಹಸಿರು, ಒಮ್ಮೆ ಕಂದು. ಮುಖ ಮಾತ್ರ ಯಾವತ್ತೂ ಬೇರೆ ಯಾವುದೋ ದಿನದ್ದು, ಯಾರದೋ ಮದುವೆಯ ಫೋಟೋದಿಂದ ಕಿತ್ತು ತಂದು ಅಂಟಿಸಿದ್ದು.

ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ. ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ನನ್ನ ಅಮ್ಮನ ಒಡಹುಟ್ಟಿದವರು. ತಿರುಪ್ಪೂರಿನ ಆಚೆ, ಮನೆಮಾತು ಕನ್ನಡವಾದ ನೇಕಾರರ ಬೀದಿಯಲ್ಲಿ ಅವರದು ಒಂದೇ ಮನೆ, ಎರಡು ಒಲೆ. ಇಬ್ಬರ ನಡುವೆ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಹನ್ನೊಂದು ಎನ್ನುತ್ತಾಳೆ ಅಮ್ಮ. ಜಗಳದ ಕಾರಣವನ್ನು ದೊಡ್ಡಮ್ಮ ಒಂದು ಹೇಳುತ್ತಿದ್ದಳು, ಚಿಕ್ಕಮ್ಮ ಇನ್ನೊಂದು. ಎರಡೂ ನಿಜವಿರಬಹುದು, ಎರಡೂ ಸುಳ್ಳಿರಬಹುದು. ಆದರೆ ಮಗ್ಗಕ್ಕೆ ಇಬ್ಬರು ಬೇಕು. ದೊಡ್ಡಮ್ಮ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವಳು. ಅವಳ ಹಿಂದೆ ಚಿಕ್ಕಮ್ಮ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುವಳು; ಕಂಡಿಕೆ ಎಂದರೆ ನೂಲನ್ನು ಅಡ್ಡ ಒಯ್ಯುವ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಕಡ್ಡಿ. ನೂಲು ಮುಗಿದರೆ ದೊಡ್ಡಮ್ಮ ಖಾಲಿ ಕಡ್ಡಿಯಿಂದ ಮಗ್ಗದ ಮರಕ್ಕೆ ಎರಡು ಸಲ ತಟ್ಟುವಳು. ಹಿಂದಿನಿಂದ ಒಂದು ಕೈ ಬಂದು ತುಂಬಿದ ಕಂಡಿಕೆ ಇಟ್ಟು ಹೋಗುವುದು. ಹಿಂದೆ ತಿರುಗುವ ಅಗತ್ಯವೇ ಇರಲಿಲ್ಲ. ಅಷ್ಟೂ ವರ್ಷ ಅವರ ನಡುವೆ ಇದ್ದದ್ದು ಆ ಎರಡು ತಟ್ಟು.

ದೊಡ್ಡಮ್ಮನ ಸೊಸೆ ಫೋನಿನಲ್ಲಿ ಸೀರೆ ಮಾರುತ್ತಾಳೆ. ನಾನು ನಗರದಲ್ಲಿ, ಶರವಣಂಪಟ್ಟಿಯ ಒಂದು ಆಫೀಸಿನಲ್ಲಿ ಅಂಗಡಿಗಳಿಗೆ ಸಣ್ಣ ವಿಡಿಯೋ ಮಾಡಿಕೊಡುತ್ತೇನೆ. ಅವಳಿಗೂ ಒಂದು ಬೇಕಾಯಿತು. ತಿಂಗಳಿಗೊಮ್ಮೆ ರಿಪೇರಿಗೆಂದು ಇಡೀ ದಿನ ಕರೆಂಟ್ ತೆಗೆಯುತ್ತಾರಲ್ಲ, ಅಂಥ ದಿನವೇ ಹೋದೆ. ಬೀದಿಯ ಪವರ್‌ಲೂಮುಗಳೆಲ್ಲ ನಿಂತಿದ್ದವು. ದೊಡ್ಡಮ್ಮನ ಮಗ್ಗವೊಂದೇ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು.

ಫೋನನ್ನು ಅಡ್ಡ ಹಿಡಿದು ಶೂಟ್ ಮಾಡಿದೆ. ಸೊಸೆಗೆ ನಗು. "ಏನಕ್ಕ, ಮಲಗಿಸ್ಕೊಂಡು ತೆಗೀತಿದೀಯ? ಮಲಗಿರೋ ವಿಡಿಯೋನ ಯಾರು ನೋಡ್ತಾರೆ? ನಿಂತಿರಬೇಕು."

"ಆಮೇಲೆ ನಿಲ್ಲಿಸ್ತೀನಿ."

"ಅತ್ತೆ ಮುಖ ಬೇಡ. ಉರಿ ಮೋರೆ ನೋಡಿದ್ರೆ ಸೀರೆ ತಗೊಳ್ಳೋರೂ ಓಡಿಹೋಗ್ತಾರೆ. ಕೈ ಬಂದ್ರೆ ಸಾಕು."

ಗುಂಡಿಯಿಂದ ದೊಡ್ಡಮ್ಮ, "ನಿನ್ ಮೋರೆ ಹಾಕು, ಪೂರಾ ತಿರುಪ್ಪೂರೇ ಬಂದು ನಿಲ್ತದೆ ಬಾಗ್ಲಲ್ಲಿ" ಅಂದಳು. ಈ ಮಾತುಗಳು ನನಗೆ ಚೆನ್ನಾಗಿ ನೆನಪಿವೆ. ಬೇಕಾಗಿದ್ದ ಮಾತೊಂದೇ ನೆನಪಿಲ್ಲ.

ಮಲಗಿದ ಚಿತ್ರವನ್ನು ನಿಲ್ಲಿಸುವುದು ಹೀಗೆ: ಸಾವಿರದ ಎಂಬತ್ತು ಪಿಕ್ಸೆಲ್ ಅಗಲ, ಸಾವಿರದ ಒಂಬೈನೂರ ಇಪ್ಪತ್ತು ಎತ್ತರದ ಕಿಟಕಿಯೊಂದನ್ನು ಚಿತ್ರದ ಮೇಲೆ ಇಡಬೇಕು. ಕಿಟಕಿಯೊಳಗೆ ಬಂದದ್ದು ಉಳಿಯುತ್ತದೆ. ಮೂರರಲ್ಲಿ ಎರಡು ಪಾಲು ಆಚೆಗೆ ಹೋಗುತ್ತದೆ. ಸೀರೆಯನ್ನೂ ದೊಡ್ಡಮ್ಮನ ಕೈಗಳನ್ನೂ ಒಳಗಿಟ್ಟೆ. ಮೂಲದ ಸದ್ದನ್ನು ಸೊನ್ನೆಗೆ ಇಳಿಸಿ ಮೇಲೆ ಸಂಗೀತ ಹಾಕಿದೆ. ಎಕ್ಸ್‌ಪೋರ್ಟ್ ಒತ್ತಿದೆ. ಪರದೆಯ ಮೇಲಿನ ಪಟ್ಟಿ ಕೊನೆಯವರೆಗೂ ತುಂಬಿತು, ಇಪ್ಪತ್ತೆರಡು ಸೆಕೆಂಡಿನ ವಿಡಿಯೋ ಹೊರಬಂತು. ಲ್ಯಾಪ್‌ಟಾಪಿನಲ್ಲಿ ಜಾಗವಿರಲಿಲ್ಲ. ಆಫೀಸಿನ ಅಭ್ಯಾಸದಂತೆ ಮೂಲವನ್ನು ಅಳಿಸಿದೆ, ಫೋನಿನಿಂದಲೂ. ಕಸ ಗುಡಿಸಿದಷ್ಟು ಸಲೀಸಾಗಿ.

ಸುಮಾರು ಎರಡು ತಿಂಗಳಾದ ಮೇಲೆ ಚಿಕ್ಕಮ್ಮ ನೀರಿನ ಕೊಡ ಇಳಿಸುತ್ತಾ ಬಾಗಿಲಲ್ಲೇ ಕುಸಿದಳು. ಅಷ್ಟೇ, ಹೋದಳು.

ಹದಿನೈದನೇ ದಿನವೋ ಏನೋ, ದೊಡ್ಡಮ್ಮ ಒಬ್ಬಳೇ ಬಸ್ಸು ಹತ್ತಿ ಸಿಂಗಾನಲ್ಲೂರಿನ ನಮ್ಮ ಮನೆಗೆ ಬಂದಳು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ಕಣ್ಣು, ಅವತ್ತು ತೆಗೆದ್ಯಲ್ಲ, ಅದನ್ನ ಪೂರ್ತಿ ತೋರ್ಸು." ಮುದ್ದಿಗೆ ಅವಳು ನನ್ನನ್ನು ಕರೆಯುವುದು ಹಾಗೇ, ಕಣ್ಣು ಎಂದು.

ವಿಡಿಯೋ ಹಾಕಿದೆ. ಹದಿನಾಲ್ಕನೆಯ ಸೆಕೆಂಡಿಗೆ ಚಿತ್ರ ಮೆಲ್ಲಗೆ ಎಡಕ್ಕೆ ಸರಿಯುತ್ತದೆ, ಮಣಿಕಟ್ಟಿನವರೆಗೆ ಒಂದು ಕೈ ಬಂದು ಕಂಡಿಕೆ ಇಡುತ್ತದೆ, ಚಿತ್ರ ವಾಪಸ್ ಸೀರೆಗೆ ಬರುತ್ತದೆ. ಮುಗಿದೊಡನೆ ಮತ್ತೆ ಮೊದಲಿನಿಂದ. ಮತ್ತೆ ಆ ಕೈ. ಸಾವಿರಾರು ಜನ ಅದನ್ನು ನೋಡಿದ್ದರು. ಸೀರೆಯ ಬಣ್ಣ ಕೇಳಿದ್ದರು, ಯಾರ ಕೈ ಎಂದು ಯಾರೂ ಕೇಳಿರಲಿಲ್ಲ.

"ಇದಲ್ಲ. ಅವಳಿರೋದು."

"ಇಷ್ಟೇ ಇರೋದು ದೊಡ್ಡಮ್ಮ."

"ಅವತ್ತು ಕಂಡಿಕೆ ಇಟ್ಟವಳು ಏನೋ ಅಂದಂಗಾಯ್ತು. ನಾನು ತಿರುಗ್ಲಿಲ್ಲ. ಭ್ರಮೆ ಅನ್ಕೊಂಡೆ. ಇಷ್ಟು ವರ್ಷ ಇಲ್ಲದ್ದು ಇವತ್ತೇನು ಅಂತ." ಸೆರಗಿನಿಂದ ಫೋನಿನ ಗಾಜು ಒರೆಸಿದಳು. "ಅಂದ್ಲಾ ಇಲ್ವಾ, ಅಷ್ಟು ಗೊತ್ತಾದ್ರೆ ಸಾಕು."

ಲ್ಯಾಪ್‌ಟಾಪ್ ತೆರೆದೆ. ಮೂಲ ಹೋಗಿದ್ದರೂ ಎಡಿಟಿಂಗಿನ ಫೈಲು ಉಳಿದಿತ್ತು. ಚಿತ್ರ ಇರಬೇಕಾದಲ್ಲಿ ಕೆಂಪು ಪರದೆ, ಕಡತ ಸಿಗುತ್ತಿಲ್ಲ ಎಂಬ ಸೂಚನೆ. ಅದರ ಕೆಳಗೆ ಮೂಲ ಸದ್ದಿನ ಏರಿಳಿತದ ಗೆರೆಗಳು ಮಾತ್ರ ಹಾಗೇ ಇದ್ದವು. ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಎಂದೋ ಬರೆದಿಟ್ಟುಕೊಂಡದ್ದು. ಸದ್ದಿಲ್ಲ, ಸದ್ದಿನ ಆಕಾರ ಇದೆ.

"ಇದ್ಯಾವ ಡಿಸೈನು?" ಅಂದಳು ದೊಡ್ಡಮ್ಮ.

"ನಿನ್ನ ಮಗ್ಗದ ಸದ್ದು."

ಕನ್ನಡವಿರಲಿ ತಮಿಳಿರಲಿ, ಅವಳಿಗೆ ಅಕ್ಷರ ಬಾರದು. ಆದರೆ ಗೆರೆಗಳ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಹೋದಳು, ಕಾಲಿನ ತುಳಿತವನ್ನು ನೆಲದ ಮೇಲೆ ಆಡಿಸುತ್ತಾ. "ತುಳಿದೆ. ಲಾಳಿ ಹೋಯ್ತು. ಹಲಗೆ ಬಡೀತು. ತುಳಿದೆ. ಲಾಳಿ. ಹಲಗೆ." ಎರಡು ಚೂಪು ಗೆರೆಗಳ ಹತ್ತಿರ ನಿಂತಳು. "ಇದು ನಾನು ತಟ್ಟಿದ್ದು." ಅಲ್ಲಿಂದ ಮುಂದೆ ಗೆರೆ ಮಟ್ಟಸವಾಗಿತ್ತು. ಆ ಮಟ್ಟಸದ ನಡುವೆ ಉಗುರಿನಷ್ಟು ಒಂದು ಸಣ್ಣ ಉಬ್ಬು.

"ಇಲ್ಲಿ ಮಗ್ಗ ನಿಂತೈತೆ. ನನ್ ಕೈಲಿ ಲಾಳಿ ಐತೆ. ಇದ್ಯಾರು?"

ಉಬ್ಬನ್ನು ದೊಡ್ಡದು ಮಾಡಿ ನೋಡಿದೆ. ಕೆಮ್ಮಿರಬಹುದು, ರಾಟೆ ಕಿರುಗುಟ್ಟಿರಬಹುದು. ಆದರೆ ಎಡಿಟ್ ಮಾಡುವಾಗ ಚಿತ್ರವನ್ನು ಎಡಕ್ಕೆ ಸರಿಸಿದ ಗುರುತು ಸರಿಯಾಗಿ ಆ ಉಬ್ಬಿನ ನೆತ್ತಿಯ ಮೇಲೇ ಇತ್ತು. ಸರಿಸಿದವಳು ನಾನು. ಅಂದರೆ ಸದ್ದು ಇಳಿಸುವ ಮೊದಲು ಅದನ್ನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡು ಅವಳ ಕಡೆ ಹೊರಟೆ. ಸೀರೆ ಚಿತ್ರದಿಂದ ಜಾರುತ್ತದೆಂದು ಮುಖ ತಲುಪುವ ಮೊದಲೇ ಹಿಂದಿರುಗಿದೆ.

ಆ ಗುರುತು ಏನೆಂದು ಕೇಳಿದಳು, ಚಿತ್ರ ಸರಿಸಿದ ಜಾಗ ಎಂದೆ. ಅವಳಿಗೂ ಅದು ಹೊಳೆಯಿತು. "ನೀನು ಕೇಳಿದೀಯ. ಅದಕ್ಕೇ ಆ ಕಡೆ ತಿರುಗ್ಸಿದೀಯ. ಏನಂದ್ಲು ಕಣ್ಣು?"

ಏನೂ ನೆನಪಿರಲಿಲ್ಲ. ಅವಳಿಗೆ ಸಮಾಧಾನವಾಗಲಿ ಎಂದು, "ಅಕ್ಕಾ ಅಂದ್ಲು" ಅಂದೆ.

"ಅಕ್ಕಾ ಅಂತಾ?"

"ಹೂಂ."

"ಜೋರಾಗಾ, ಮೆಲ್ಲಗಾ?"

"ಮೆಲ್ಲಗೆ."

ಅವಳು ಉಬ್ಬಿನ ಮೇಲೆ ಬೆರಳಿಟ್ಟು ನೋಡಿದಳು. "ಹೂಂ, ಮೆಲ್ಲಗೇ ಐತೆ." ಆಮೇಲೆ ಬೆರಳು ತೆಗೆದು, "ಕರೆದವ್ಳೆ. ನಾನು ತಿರುಗಿಲ್ಲ" ಅಂದಳು.

ಸಮಾಧಾನವೆಂದು ಕೊಟ್ಟದ್ದು ಏನೆಂದು ಆಗ ತಿಳಿಯಿತು. ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ದಾರಿಯುದ್ದಕ್ಕೂ ನಾಲಿಗೆ ತುದಿಯಲ್ಲಿ ನಿಜ ಇತ್ತು, ಹೇಳಲಿಲ್ಲ. ಈಗಲೂ ಹೇಳಿಲ್ಲ. ನಮ್ಮ ಮನೆಯಲ್ಲಿ ಕನ್ನಡ ಅಕ್ಷರ ಕಲಿತವಳು ನಾನೊಬ್ಬಳೇ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇದು ಧೈರ್ಯವಲ್ಲ.

ಹೋದ ವಾರ ಅವಳ ಮನೆಗೆ ಹೋಗಿದ್ದೆ. ಈಗ ಬೆಳಿಗ್ಗೆ ಕಂಡಿಕೆಗಳನ್ನು ತಾನೇ ಸುತ್ತಿಟ್ಟುಕೊಂಡು ಆಮೇಲೆ ಮಗ್ಗಕ್ಕೆ ಇಳಿಯುತ್ತಾಳೆ. ನೂಲು ಮುಗಿಯಿತು. ಖಾಲಿ ಕಡ್ಡಿಯಿಂದ ಮರಕ್ಕೆ ಎರಡು ಸಲ ತಟ್ಟಿದಳು. ತಿರುಗಿ ಹಿಂದೆ ನೋಡಿದಳು. ಆಮೇಲೆ ತಾನೇ ಕೈ ಚಾಚಿ ಬುಟ್ಟಿಯಿಂದ ಕಂಡಿಕೆ ತೆಗೆದುಕೊಂಡಳು. ಪ್ರತಿ ಸಲವೂ ಹೀಗೇ.

ಈಚೆಗೆ ನನಗೂ ಕೇಳಿಸುತ್ತದೆ. ಕರೆಂಟಿಲ್ಲದ ಬೀದಿ, ನಿಂತ ಮಗ್ಗ, ಹಿಂದಿನಿಂದ ಚಿಕ್ಕಮ್ಮನ ಒಡಕು ದನಿಯಲ್ಲಿ, ಮೆಲ್ಲಗೆ, ಅಕ್ಕಾ. ಇಷ್ಟು ಸ್ಪಷ್ಟವಾಗಿರುವುದರಿಂದಲೇ ನಂಬಲಾರೆ. ಈ ದನಿಯನ್ನು ಕಟ್ಟಿಕೊಂಡವಳು ನಾನೇ ಇರಬಹುದು.

ಚಿಕ್ಕಮ್ಮ ಅವತ್ತು ಏನಂದಳು ಎಂದು ನನಗೆ ಗೊತ್ತಿಲ್ಲ. ಏನಾದರೂ ಅಂದಳೇ ಎಂಬುದೂ ಗೊತ್ತಿಲ್ಲ.