ಅವಳೇ ಚಿರತೆಯಾಗಿದ್ದ ಕಥೆ

ಮದುವೆಯಾಗಿ ಆನವಟ್ಟಿಯಿಂದ ಶಿಕಾರಿಪುರಕ್ಕೆ ಬಂದ ಎರಡನೆಯ ವರ್ಷ ನಾನೊಂದು ಪ್ರೇಮಕಥೆ ಬರೆದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ಮತ್ತು ಭಾವ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದರು. ಅವರು ಉಂಡು ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ಭಾವನ ಹೆಂಡತಿ. ಅವರನ್ನು ಅಕ್ಕ ಎನ್ನುತ್ತಿದ್ದೆ. ತಾಳಗುಂದದ ಕಡೆಯವರು, ನಾಲ್ಕನೇ ತರಗತಿಗೇ ಶಾಲೆ ಬಿಡಿಸಿದ್ದರು. ಓದುವುದು ಅವರಿಗೆ ಕಷ್ಟ, ಕೇಳುವ ಆಸೆ ಮಾತ್ರ ಬಹಳ. ಹಿತ್ತಿಲ ಕಟ್ಟೆಯ ಮೇಲೆ ಕೂತು ಅವರು ಮೆಕ್ಕೆಜೋಳ ಬಿಡಿಸುತ್ತಿದ್ದರೆ ನಾನು ಹಿಂದಿನ ದಿನ ಬರೆದಷ್ಟನ್ನು ಓದುತ್ತಿದ್ದೆ.

ನನ್ನ ಕಥೆಯ ಹೆಂಗಸು ಕಾಡಿನೊಳಗೆ ಕಾಲಿಟ್ಟರೆ ಚಿರತೆಯಾಗುತ್ತಾಳೆ. ಅದು ಗೊತ್ತಿರುವುದು ಫಾರೆಸ್ಟ್ ಗಾರ್ಡ್ ಆಗಿರುವ, ಅವಳನ್ನು ಪ್ರೀತಿಸುವ ಗಂಡನೊಬ್ಬನಿಗೇ. ಅವನು ಅವಳನ್ನು ತಡೆಯುವುದಿಲ್ಲ. ಅವಳು ಕಳಚಿಟ್ಟ ಸೀರೆಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು, ತಿರುಗಿ ಬರುವವರೆಗೂ ಬಂಡೆಯ ಮೇಲೆ ಕೂತಿರುತ್ತಾನೆ.

ಅಲ್ಲಿಗೆ ಬಂದಾಗ ಅಕ್ಕನ ಕೈ ನಿಂತಿತು.

“ಅವನು ಕಾಯ್ತಾನಾ?”

“ಹ್ಞೂಂ ಅಕ್ಕ.”

“ನಮ್ಮಜ್ಜಿ ಹೇಳೋ ಕಥಿಯೊಳಗ ಹಾವಾಗೋನು ಗಂಡ. ಹೆಂಡ್ತಿ ಹಾಲಿಟ್ಕೊಂಡು ಕಾಯ್ತಿದ್ಲು. ಹೆಂಗಸು ಮೈ ಬದಲು ಮಾಡಿದ್ರೆ ಅದು ದೆವ್ವದ ಕಥಿ ಆಗ್ತಿತ್ತು.” ಕೈಯಲ್ಲಿದ್ದ ತೆನೆಯನ್ನು ಕೆಳಗಿಟ್ಟು, “ಇನ್ನೊಂದ್ಸಲ ಓದು,” ಎಂದರು.

ಕಥೆ ಮುಗಿಸಿ ಒಂದು ವಾರಪತ್ರಿಕೆಗೆ ಕಳಿಸಿದೆ. ಉತ್ತರ ಅಂಗಡಿಯ ವಿಳಾಸಕ್ಕೆ ಬಂತು. ಮನೆಯ ಹೆಂಗಸರಿಗೆ ಬರುವ ಕಾಗದಗಳೂ ಅಲ್ಲಿಗೇ ಬರುತ್ತಿದ್ದವು, ಭಾವ ಒಡೆದು ಓದಿದ ಮೇಲೆ ನಮ್ಮ ಕೈ ಸೇರುತ್ತಿದ್ದವು. ಕಥೆ ಚೆನ್ನಾಗಿದೆ, ಆದರೆ ಸಂಸಾರಸ್ಥ ಹೆಣ್ಣು ಮೃಗವಾಗಿ ಅಲೆಯುವುದನ್ನು ಓದುಗರು ಒಪ್ಪುವುದಿಲ್ಲ. ನಾಯಕನನ್ನೇ ಚಿರತೆ ಮಾಡಿ ಕಳಿಸಿದರೆ ಪ್ರಕಟಿಸುತ್ತೇವೆ ಎಂದು ಬರೆದಿದ್ದರು.

“ಅದರಾಗೇನೈತಿ? ಅವನನ್ನ ಚಿರತೆ ಮಾಡು,” ಎಂದರು ನನ್ನ ಗಂಡ. ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ಭಾವ ಮಾತ್ರ, “ಹೆಸರು ಹಾಕೋದು ಬ್ಯಾಡ. ಪೇಟ್ಯಾಗ ನಾಕು ಜನ ನೋಡ್ತಾರ,” ಎಂದರು.

ನಾನು ತಿದ್ದಿದೆ. ‘ಹೋದಳು’ ಇದ್ದಲ್ಲಿ ‘ಹೋದನು’, ‘ಓಡಿದಳು’ ಇದ್ದಲ್ಲಿ ‘ಓಡಿದನು’. ಸುಲಭದ ಕೆಲಸ ಅಂದುಕೊಂಡಿದ್ದೆ. ಆದರೆ ತಿದ್ದುತ್ತಾ ಹೋದಂತೆ ಪುಟಗಳೇ ಬೇಡವಾಗತೊಡಗಿದವು. ಎಲ್ಲಿಗೆ ಹೋಗಿದ್ದೆ ಎಂದು ಅತ್ತೆ ಕೇಳುವುದು, ತಲೆಯಲ್ಲಿ ಸಿಕ್ಕ ಒಣಹುಲ್ಲಿಗೆ ಅವಳು ಸುಳ್ಳು ಹುಡುಕುವುದು, ಬಾವಿಕಟ್ಟೆಯ ಮಾತು, ಅವಳ ಹೆದರಿಕೆ. ಗಂಡಸನ್ನು ಯಾರು ಕೇಳುತ್ತಾರೆ? ಹದಿನಾಲ್ಕು ಪುಟದ ಕಥೆ ಎಂಟಕ್ಕೆ ಇಳಿಯಿತು. ನಾಚಿಕೆಯಾಗಿ ಹಳೆಯ ಪ್ರತಿಯನ್ನು ಬಚ್ಚಲ ಒಲೆಗೆ ಹಾಕಿದೆ.

ಕಥೆ ಅಚ್ಚಾಯಿತು, ಯಾವುದೋ ಕಾವ್ಯನಾಮದಲ್ಲಿ. ಅಕ್ಕ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದು ಎದುರು ಕೂತರು. ಓದಿದೆ. ಮುಗಿದ ಮೇಲೂ ಅವರು ಕಾಯುತ್ತಿದ್ದರು.

“ಅವಳು ಎಲ್ಲಿ ಹೋದ್ಲು?”

“ಇದ್ದಾಳಲ್ಲ ಅಕ್ಕ. ಅವನಿಗೆ ಕಾಯ್ತಾಳೆ.”

“ಕಾಯೋದಕ್ಕ ಕಥಿ ಯಾಕ ಬೇಕು? ದಿನಾ ಅದನ್ನ ಮಾಡ್ತೀನಲ್ಲ ನಾನು.”

ಎದ್ದು ಹೋದರು. ಆ ಮಳೆಗಾಲವಿಡೀ ಅವರು ಮತ್ತೆ ಕಥೆ ಕೇಳಲಿಲ್ಲ. ಅಡಿಗೆಮನೆಯಲ್ಲಿ ಉಪ್ಪು, ಹಿಟ್ಟಿನ ಮಾತಷ್ಟೇ. ಗಂಡನ ಸಿಟ್ಟನ್ನಾದರೂ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ.

ಸುಗ್ಗಿಯ ಹೊತ್ತಿಗೆ ಮೊದಲಿನ ಕಥೆಯನ್ನು ಮತ್ತೆ ಬರೆಯಲು ಕೂತೆ. ಬರಲಿಲ್ಲ. ಚಿರತೆಯ ಪ್ರತಿ ಹೆಜ್ಜೆಗೂ ತಿದ್ದಿದ ಮಾತುಗಳೇ ಬರುತ್ತಿದ್ದವು. ಕೊನೆಗೆ ಅಕ್ಕನ ಮುಂದೆ ಹೋಗಿ, “ನನಗೆ ಮರೆತುಹೋಗಿದೆ,” ಎಂದೆ.

ಅವರು ತೆನೆ ಬಿಡಿಸುತ್ತಲೇ ಹೇಳತೊಡಗಿದರು. ಒಂದೆರಡು ಸಲ ಕೇಳಿದ್ದನ್ನು ಸಾಲು ಬಿಡದೆ ಹೇಳಿದರು. ಹುಲ್ಲಿನ ಸುಳ್ಳು, ಬಾವಿಕಟ್ಟೆ, ಮಡಿಚಿದ ಸೀರೆ, ಎಲ್ಲವೂ ಇದ್ದವು. ನಾನು ಬರೆದುಕೊಂಡೆ. ಕೊನೆಯಲ್ಲಿ ಮಾತ್ರ ಅವರ ಕಥೆಯ ಹೆಂಗಸು ಬಂಡೆಯ ಹತ್ತಿರ ಬಂದು ಮರಳಿ ಮೈ ಬದಲಿಸಲಿಲ್ಲ. ಹಾಡಹಗಲು ಚಿರತೆಯಾಗಿಯೇ ಊರೊಳಗೆ ನಡೆದು ಬಂದು ತನ್ನ ಮನೆಯ ಪಡಸಾಲೆಯಲ್ಲಿ ಮಲಗಿದಳು.

“ನಾನು ಹೀಗೆ ಬರೆದಿರಲಿಲ್ಲ ಅಕ್ಕ.”

“ಗೊತ್ತು. ಬರಿ.”

ಅದು ಎರಡು ವರ್ಷದ ಮೇಲೆ ಒಂದು ಸಣ್ಣ ಪತ್ರಿಕೆಯಲ್ಲಿ ನನ್ನ ಸ್ವಂತ ಹೆಸರಿನಲ್ಲೇ ಬಂತು. ಭಾವ ಅದನ್ನು ಊಟದ ಹೊತ್ತಿಗೆ ಮನೆಗೆ ತಂದು ಅಕ್ಕನ ಮುಂದೆ ಹಿಡಿದರು.

“ಇದನ್ನ ಓದಿದ್ಯಾ?”

“ಓದೋದೇನ್ರೀ,” ಎಂದರು ಅಕ್ಕ, ರೊಟ್ಟಿ ಬಡಿಸುತ್ತಾ. “ಹೇಳಿ ಬರೆಸಿದ್ದೇ ನಾನು.”

ಭಾವ ತಟ್ಟೆ ಸರಿಸಿ ಎದ್ದುಹೋದರು. ಹದಿನೈದು ದಿನ ಅಕ್ಕನ ಜೊತೆ ಮಾತಾಡಲಿಲ್ಲ. ನನ್ನ ಗಂಡ ಇಬ್ಬರ ನಡುವೆ ಓಡಾಡಿ ಸೋತರು. ಅಷ್ಟೂ ದಿನ ಅಕ್ಕ ಹೊತ್ತಿಗೆ ಸರಿಯಾಗಿ ಭಾವನಿಗೆ ತಟ್ಟೆ ಹಾಕಿದರು. ತಾವು ಮಾತ್ರ ಅವರ ಊಟಕ್ಕೆ ಕಾಯದೆ, ಹಸಿವಾದಾಗ ಬಡಿಸಿಕೊಂಡು ಉಂಡರು.